ಹಂಚಿಕೆಯ ಫೋಲ್ಡರ್ ತೆರೆಯದಿದ್ದಾಗ: ಕಚೇರಿ ಜಾಲದ ದೋಷವನ್ನು ಕ್ರಮವಾಗಿ ಪತ್ತೆ ಮಾಡುವ ವಿಧಾನ

ಇಂದು ಸಣ್ಣ ವ್ಯಾಪಾರ ಸಂಸ್ಥೆಗಳಲ್ಲಿಯೂ ಮೂರು ನಾಲ್ಕು ಗಣಕಯಂತ್ರಗಳಿರುವುದು ಸಾಮಾನ್ಯ ಸಂಗತಿಯಾಗಿದೆ. ಅವುಗಳಲ್ಲಿ ಒಂದರಲ್ಲಿ ಲೆಕ್ಕಪತ್ರ, ದರಪಟ್ಟಿ, ಖರೀದಿ ಆದೇಶ, ಡೆಲಿವರಿ ಚಲನ್ ಮುಂತಾದ ಕಡತಗಳನ್ನು ಇರಿಸಿ, ಉಳಿದ ಯಂತ್ರಗಳಿಂದ ಅವುಗಳನ್ನು ಬಳಸುವ ವ್ಯವಸ್ಥೆಗೆ ಹಂಚಿಕೆಯ ಫೋಲ್ಡರ್, ಅಂದರೆ ಶೇರ್ಡ್ ಫೋಲ್ಡರ್ ಎಂದು ಹೆಸರು. ಇದು ಸರಿಯಾಗಿರುವವರೆಗೆ ಯಾರೂ ಇದರ ಬಗ್ಗೆ ಯೋಚಿಸುವುದಿಲ್ಲ. ಆದರೆ ತಿಂಗಳ 20ನೇ ತಾರೀಖು, ಜಿಎಸ್‌ಟಿ ವಿವರಣ ಪತ್ರವನ್ನು ಸಲ್ಲಿಸಬೇಕಾದ ದಿನ, ಈ ಫೋಲ್ಡರ್ ತೆರೆಯದೇ ಹೋದರೆ ಇಡೀ ಕಚೇರಿಯ ಕೆಲಸ ನಿಂತುಹೋಗುತ್ತದೆ.

ಅಂತಹ ಸಮಯದಲ್ಲಿ ಆತುರದಿಂದ ಮಾಡುವ ಪರಿಹಾರವು ಮೂಲ ದೋಷಕ್ಕಿಂತ ಹೆಚ್ಚು ಹಾನಿಯನ್ನುಂಟುಮಾಡಬಲ್ಲದು. ಈ ಲೇಖಕನು ಸಮೀಪದಿಂದ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಕೈಗಾರಿಕಾ ವಸಾಹತಿನಲ್ಲಿ ಲೇತ್ ಕೆಲಸ ಮಾಡುವ ಒಂದು ಘಟಕ. ಕಚೇರಿಯಲ್ಲಿ ಐದು ಗಣಕಯಂತ್ರಗಳು. ಒಂದು ಸಂಜೆ ಯಾವ ಯಂತ್ರದಿಂದಲೂ ಲೆಕ್ಕದ ಫೋಲ್ಡರ್ ತೆರೆಯಲಿಲ್ಲ. ದುರಸ್ತಿಗೆ ಬಂದ ಯುವಕನು ಫೈರ್‌ವಾಲ್ ರಕ್ಷಣೆಯನ್ನು ಪೂರ್ತಿಯಾಗಿ ನಿಲ್ಲಿಸಿ, ಫೋಲ್ಡರಿನ ಮೇಲೆ ಎಲ್ಲರಿಗೂ ಪೂರ್ಣ ಅಧಿಕಾರ ಕೊಟ್ಟನು. ಫೋಲ್ಡರ್ ತೆರೆಯಿತು, ಮಾಲೀಕರು ನಿಟ್ಟುಸಿರು ಬಿಟ್ಟರು. ಎರಡು ದಿನಗಳ ಹಿಂದೆ ಅಂತರಜಾಲ ಸಂಪರ್ಕದವರು ರೂಟರನ್ನು ಬದಲಿಸಿ ಹೋಗಿದ್ದುದೇ ದೋಷದ ನಿಜವಾದ ಕಾರಣವೆಂಬುದನ್ನು ಯಾರೂ ವಿಚಾರಿಸಲಿಲ್ಲ. ಅದರ ಪರಿಣಾಮವೇನಾಯಿತೆಂಬುದನ್ನು ಲೇಖನದ ಕೊನೆಯ ಭಾಗದಲ್ಲಿ ನೋಡೋಣ.

ದೋಷವನ್ನು ಕ್ರಮವಾಗಿ ಹುಡುಕುವ ವಿಧಾನವನ್ನು ಸದಸ್ಯ ಬಾಂಧವರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಬಹುಪಾಲು ಸಣ್ಣ ಕಚೇರಿಗಳಲ್ಲಿ ವಿಂಡೋಸ್ ಬಳಕೆಯಲ್ಲಿರುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಎಲ್ಲ ಕೆಲಸವನ್ನೂ ಮಾಲೀಕರೇ ಮಾಡಬೇಕೆಂದೇನೂ ಇಲ್ಲ. ತಂತ್ರಜ್ಞನು ಏನು ಮಾಡುತ್ತಿದ್ದಾನೆ ಎಂಬುದು ತಿಳಿದಿದ್ದರೂ ಸಾಕು.

ನಾಲ್ಕು ಹಂತಗಳು

ಗೋದಾಮಿನ ಉದಾಹರಣೆಯಿಂದ ವಿಷಯವನ್ನು ಸುಲಭವಾಗಿ ಗ್ರಹಿಸಬಹುದು. ಗೋದಾಮಿನಿಂದ ಸರಕು ತರಬೇಕಾದರೆ ಮೊದಲು ಅಲ್ಲಿಗೆ ಹೋಗುವ ದಾರಿ ಇರಬೇಕು. ಎರಡನೆಯದಾಗಿ, ಹೊರಗೇಟು ತೆರೆದಿರಬೇಕು. ಮೂರನೆಯದಾಗಿ, ಕಾವಲುಗಾರನು ನಮ್ಮ ಗುರುತನ್ನು ಒಪ್ಪಬೇಕು. ನಾಲ್ಕನೆಯದಾಗಿ, ಒಳಗಿನ ಕೋಣೆಯ ಸರಕನ್ನು ಮುಟ್ಟುವ ಅನುಮತಿ ನಮಗಿರಬೇಕು. ಹಂಚಿಕೆಯ ಫೋಲ್ಡರಿಗೂ ಇದೇ ಕ್ರಮ: ಜಾಲವೇ ದಾರಿ, ಫೈರ್‌ವಾಲ್ ಮತ್ತು ಹಂಚಿಕೆಯ ಸೇವೆಯೇ ಗೇಟು, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಗುರುತಿನ ಚೀಟಿ, ಫೋಲ್ಡರಿನ ಮೇಲಿನ ಅಧಿಕಾರವೇ ಅನುಮತಿ. ದಾರಿಯೇ ಕಡಿದಿರುವಾಗ ಅನುಮತಿಯನ್ನು ಬದಲಿಸುವುದು ವ್ಯರ್ಥ. ಆದ್ದರಿಂದ ಹುಡುಕಾಟವು ಯಾವಾಗಲೂ ಮೊದಲ ಹಂತದಿಂದ ಆರಂಭವಾಗತಕ್ಕದ್ದು.

ಕೈ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಒಂದು ಯಂತ್ರದಿಂದ ಮಾತ್ರ ತೆರೆಯುತ್ತಿಲ್ಲವೇ ಅಥವಾ ಎಲ್ಲ ಯಂತ್ರಗಳಿಂದಲೂ ತೆರೆಯುತ್ತಿಲ್ಲವೇ? ಎಲ್ಲ ಕಡೆಯೂ ತೊಂದರೆಯಿದ್ದರೆ ದೋಷವು ಫೋಲ್ಡರ್ ಇರುವ ಮುಖ್ಯ ಯಂತ್ರದಲ್ಲಿ ಅಥವಾ ಜಾಲದಲ್ಲಿ ಇರುವ ಸಂಭವ ಹೆಚ್ಚು. ಒಂದೇ ಕಡೆಯಾದರೆ ಆ ಯಂತ್ರವನ್ನು ಮೊದಲು ಪರೀಕ್ಷಿಸಬೇಕು.

2. ಒಂದು ಫೋಲ್ಡರ್ ಮಾತ್ರವೇ ಅಥವಾ ಆ ಯಂತ್ರದ ಎಲ್ಲ ಫೋಲ್ಡರುಗಳೂ ತೆರೆಯುತ್ತಿಲ್ಲವೇ? ಒಂದು ಮಾತ್ರ ತೆರೆಯದಿದ್ದರೆ ಅದು ಬಹುತೇಕ ಅನುಮತಿಯ ಪ್ರಶ್ನೆ.

3. ಕಳೆದ ಸಲ ಸರಿಯಾಗಿದ್ದಾಗಿನಿಂದ ಈಚೆಗೆ ಏನು ಬದಲಾಯಿತು? ಹೊಸ ರೂಟರ್, ಹೊಸ ಪಾಸ್‌ವರ್ಡ್, ವಿಂಡೋಸ್ ಪರಿಷ್ಕರಣೆ, ಹೊಸ ಆಂಟಿವೈರಸ್, ಯಂತ್ರದ ಸ್ಥಳ ಬದಲಾವಣೆ, ಇವುಗಳಲ್ಲಿ ಯಾವುದಾದರೂ ಆಗಿದೆಯೇ?

4. ಪರದೆಯ ಮೇಲೆ ಬಂದ ಸಂದೇಶವೇನು? ಅದನ್ನು ಅಕ್ಷರಶಃ ಬರೆದುಕೊಳ್ಳಿರಿ. 80070035 ಎಂಬ ಅಂಕಿಗಳಿಂದ ಮುಗಿಯುವ ಸಂಕೇತವು ದಾರಿ ಸಿಗಲಿಲ್ಲವೆಂದು ಸೂಚಿಸುತ್ತದೆ. ಅಂದರೆ ಮೊದಲೆರಡು ಹಂತಗಳ ದೋಷವಿರಬಹುದು. 80070005 ಎಂಬುದು ಪ್ರವೇಶ ನಿರಾಕರಣೆಯ ಸಂಕೇತ. ಇದು ಬಂದರೆ ದಾರಿಯೂ ಗೇಟೂ ಸರಿಯಾಗಿದ್ದು, ಗುರುತಿನಲ್ಲಿ ಅಥವಾ ಅನುಮತಿಯಲ್ಲಿ ದೋಷವಿದೆಯೆಂದು ತಿಳಿಯಬಹುದು.

ಈ ನಾಲ್ಕು ಪ್ರಶ್ನೆಗಳಿಗೆ ಐದು ನಿಮಿಷ ಸಾಕು. ಅರ್ಧ ದಿನದ ಅಲೆದಾಟವನ್ನು ಅವು ತಪ್ಪಿಸುತ್ತವೆ.

ಮೊದಲ ಹಂತ: ದಾರಿ

ಮುಖ್ಯ ಯಂತ್ರವು ಚಾಲನೆಯಲ್ಲಿದೆಯೇ ಎಂಬುದನ್ನು ಮೊದಲು ನೋಡಬೇಕು. ಕೆಲಕಾಲ ಬಳಸದಿದ್ದರೆ ನಿದ್ರಾಸ್ಥಿತಿಗೆ ಹೋಗುವಂತೆ ಅನೇಕ ಯಂತ್ರಗಳನ್ನು ಹೊಂದಿಸಲಾಗಿರುತ್ತದೆ. ಊಟದ ವಿರಾಮದ ನಂತರ ಪ್ರತಿದಿನವೂ ಫೋಲ್ಡರ್ ತೆರೆಯದಿದ್ದರೆ ಕಾರಣ ಇದೇ ಇರಬಹುದು. ಮುಖ್ಯ ಯಂತ್ರದಲ್ಲಿ ಈ ಏರ್ಪಾಡನ್ನು ತೆಗೆದುಹಾಕತಕ್ಕದ್ದು.

ಅನಂತರ ಕೇಬಲ್ಲು ಮತ್ತು ಸ್ವಿಚ್ಚಿನ ದೀಪಗಳನ್ನು ಗಮನಿಸಬೇಕು. ವೈ-ಫೈ ಬಳಸುವ ಯಂತ್ರವಾದರೆ, ಅದು ಕಚೇರಿಯ ಜಾಲಕ್ಕೇ ಸೇರಿದೆಯೇ ಅಥವಾ ಅತಿಥಿಗಳಿಗೆಂದು ಇಟ್ಟ ಬೇರೆ ಹೆಸರಿನ ಜಾಲಕ್ಕೆ ಸೇರಿದೆಯೇ ಎಂದು ನೋಡಬೇಕು. ಅತಿಥಿ ಜಾಲದಲ್ಲಿ ಅಂತರಜಾಲ ಚೆನ್ನಾಗಿಯೇ ದೊರೆಯುತ್ತದೆ, ಆದರೆ ಕಚೇರಿಯ ಇತರ ಯಂತ್ರಗಳು ಕಾಣದಂತೆ ಅದನ್ನು ಸಾಮಾನ್ಯವಾಗಿ ಪ್ರತ್ಯೇಕಿಸಿರುತ್ತಾರೆ. ಅಂತರಜಾಲ ಬರುತ್ತಿದೆ, ಆದ್ದರಿಂದ ಜಾಲ ಸರಿಯಾಗಿದೆ ಎಂಬ ತರ್ಕ ಇಲ್ಲಿ ಸಲ್ಲದು.

ಮೂರನೆಯದಾಗಿ ಪ್ರತಿ ಯಂತ್ರದ ಐಪಿ ವಿಳಾಸವನ್ನು ನೋಡಬೇಕು. ಕಚೇರಿಯ ಎಲ್ಲ ಯಂತ್ರಗಳ ವಿಳಾಸಗಳೂ ಒಂದೇ ಬಗೆಯಲ್ಲಿ, ಉದಾಹರಣೆಗೆ 192.168.1 ಎಂದು, ಆರಂಭವಾಗಿ ಕೊನೆಯ ಅಂಕಿ ಮಾತ್ರ ಬೇರೆಯಾಗಿರುವುದು ಸಾಮಾನ್ಯ. ಒಂದು ಯಂತ್ರದ ವಿಳಾಸವು 169.254 ಎಂದು ಆರಂಭವಾಗಿದ್ದರೆ ಅದಕ್ಕೆ ರೂಟರಿನಿಂದ ವಿಳಾಸ ದೊರೆತಿಲ್ಲವೆಂದು ಅರ್ಥ. ಕೇಬಲ್ಲನ್ನೋ ರೂಟರನ್ನೋ ಪರೀಕ್ಷಿಸಬೇಕು.

ಕೊನೆಯದಾಗಿ ಹೆಸರು ಮತ್ತು ವಿಳಾಸ ಎರಡರಿಂದಲೂ ಪ್ರಯತ್ನಿಸಬೇಕು. ರನ್ ಪೆಟ್ಟಿಗೆಯಲ್ಲಿ ಎರಡು ಹಿಮ್ಮುಖ ಓರೆಗೆರೆಗಳನ್ನು ಹಾಕಿ ಮುಖ್ಯ ಯಂತ್ರದ ಹೆಸರನ್ನು ಬರೆದು ನೋಡಿರಿ. ಬಳಿಕ ಹೆಸರಿನ ಬದಲು ವಿಳಾಸವನ್ನು ಬರೆದು ನೋಡಿರಿ. ವಿಳಾಸದಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ, ದಾರಿ ಸರಿಯಾಗಿದ್ದು ಹೆಸರನ್ನು ಗುರುತಿಸುವ ವ್ಯವಸ್ಥೆಯಲ್ಲಿ ಮಾತ್ರ ದೋಷವಿದೆ. ಇದಕ್ಕೆ ವಿರುದ್ಧವಾಗಿ, ಹಿಂದೆ ವಿಳಾಸದ ಮೂಲಕ ಜೋಡಿಸಿದ್ದ ಡ್ರೈವ್ ಇಂದು ತೆರೆಯದೆ ಹೆಸರಿನಿಂದ ತೆರೆದರೆ, ಮುಖ್ಯ ಯಂತ್ರದ ವಿಳಾಸವೇ ಬದಲಾಗಿದೆ. ರೂಟರ್ ಬದಲಾದಾಗ ಹೀಗಾಗುವುದು ಸಹಜ. ರೂಟರಿನಲ್ಲಿ ಮುಖ್ಯ ಯಂತ್ರಕ್ಕೆ ಒಂದು ವಿಳಾಸವನ್ನು ಕಾಯ್ದಿರಿಸುವುದು ಇದಕ್ಕೆ ಶಾಶ್ವತ ಪರಿಹಾರ.

ಇನ್ನೊಂದು ಮಾತು. ವಿಂಡೋಸಿನ ನೆಟ್‌ವರ್ಕ್ ಪಟ್ಟಿಯಲ್ಲಿ ಮುಖ್ಯ ಯಂತ್ರದ ಹೆಸರು ಕಾಣಿಸದಿದ್ದ ಮಾತ್ರಕ್ಕೆ ಅದು ಜಾಲದಲ್ಲಿಲ್ಲವೆಂದು ಭಾವಿಸಬಾರದು. ಆ ಪಟ್ಟಿಯನ್ನು ತಯಾರಿಸುವ ಸೇವೆಯೇ ಬೇರೆ, ಫೋಲ್ಡರನ್ನು ತೆರೆಯುವ ಸೇವೆಯೇ ಬೇರೆ. ನೇರವಾಗಿ ಹೆಸರನ್ನು ಬರೆದು ತೆರೆಯುವುದೇ ನಿಜವಾದ ಪರೀಕ್ಷೆ.

ಎರಡನೆಯ ಹಂತ: ಗೇಟು

ಮುಖ್ಯ ಯಂತ್ರದಲ್ಲಿಯೇ ಕುಳಿತು, ರನ್ ಪೆಟ್ಟಿಗೆಯಲ್ಲಿ ಅದರದೇ ಹೆಸರನ್ನು ಓರೆಗೆರೆಗಳೊಂದಿಗೆ ಬರೆದು ನೋಡಿರಿ. ಅಲ್ಲಿ ಹಂಚಿಕೆಯ ಫೋಲ್ಡರುಗಳು ಕಂಡರೆ ಹಂಚಿಕೆಯ ಸೇವೆ ನಡೆಯುತ್ತಿದೆ. ಇತರ ಯಂತ್ರಗಳಿಂದ ಕಾಣದಿದ್ದರೆ ನಡುವೆ ಫೈರ್‌ವಾಲ್ ತಡೆಯುತ್ತಿರಬಹುದು.

ವಿಂಡೋಸ್ ಪ್ರತಿಯೊಂದು ಜಾಲವನ್ನೂ ಪ್ರೈವೇಟ್ ಅಥವಾ ಪಬ್ಲಿಕ್ ಎಂದು ವಿಂಗಡಿಸುತ್ತದೆ. ಪಬ್ಲಿಕ್ ಎಂದರೆ ರೈಲು ನಿಲ್ದಾಣ, ಹೋಟೆಲು ಮುಂತಾದ ಅಪರಿಚಿತ ಜಾಲ. ಅಲ್ಲಿ ಕಡತಗಳ ಹಂಚಿಕೆಯನ್ನು ಫೈರ್‌ವಾಲ್ ಸಾಮಾನ್ಯವಾಗಿ ತಡೆಯುತ್ತದೆ. ರೂಟರ್ ಬದಲಾದಾಗ ವಿಂಡೋಸ್ ಅದನ್ನು ಹೊಸ ಜಾಲವೆಂದು ಪರಿಗಣಿಸಿ ಪಬ್ಲಿಕ್ ವರ್ಗಕ್ಕೆ ಸೇರಿಸುವುದುಂಟು. ಮೇಲೆ ಹೇಳಿದ ಘಟಕದಲ್ಲಿ ಆದದ್ದು ಇದೇ. ಮುಖ್ಯ ಯಂತ್ರದಲ್ಲಿ ಕಚೇರಿಯ ಜಾಲವನ್ನು ಪ್ರೈವೇಟ್ ಎಂದು ಬದಲಿಸಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎಂಬುದನ್ನು ಆ ವರ್ಗಕ್ಕೆ ಮಾತ್ರ ಆನ್ ಮಾಡಿದ್ದರೆ ಎರಡು ನಿಮಿಷಗಳಲ್ಲಿ ಕೆಲಸ ಮುಗಿಯುತ್ತಿತ್ತು. ಫೈರ್‌ವಾಲನ್ನು ನಿಲ್ಲಿಸುವ ಅಗತ್ಯವೇ ಇರಲಿಲ್ಲ.

ಬೇರೆ ಕಂಪನಿಯ ಆಂಟಿವೈರಸ್ ಬಳಸುವವರು ಅದರೊಳಗೂ ಪ್ರತ್ಯೇಕ ಫೈರ್‌ವಾಲ್ ಇರುವುದನ್ನು ಮರೆಯಬಾರದು. ಪಿಂಗ್ ಆದೇಶಕ್ಕೆ ಉತ್ತರ ಬರಲಿಲ್ಲವೆಂದ ಮಾತ್ರಕ್ಕೆ ಯಂತ್ರ ಜಾಲದಲ್ಲಿಲ್ಲವೆಂದು ತೀರ್ಮಾನಿಸಲೂಬಾರದು; ಆ ಉತ್ತರವನ್ನೂ ಫೈರ್‌ವಾಲ್ ತಡೆಯಬಲ್ಲದು.

ಮೂರನೆಯ ಹಂತ: ಗುರುತು

ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಮತ್ತೆ ಮತ್ತೆ ಬರುತ್ತಿದ್ದರೆ ದೋಷವು ಗುರುತಿನಲ್ಲಿದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಹೀಗಿವೆ:

• ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ನಾಲ್ಕಂಕಿಯ ಪಿನ್ ಜಾಲದ ಮೂಲಕ ನಡೆಯುವುದಿಲ್ಲ. ಪಿನ್ ಆ ಯಂತ್ರಕ್ಕಷ್ಟೇ ಸೀಮಿತ. ಜಾಲದಲ್ಲಿ ಖಾತೆಯ ಪಾಸ್‌ವರ್ಡನ್ನೇ ಕೊಡಬೇಕು.

• ಕೇಳಲಾಗುವುದು ನಮ್ಮ ಮುಂದಿರುವ ಯಂತ್ರದ ಪಾಸ್‌ವರ್ಡ್ ಅಲ್ಲ. ಫೋಲ್ಡರ್ ಇರುವ ಮುಖ್ಯ ಯಂತ್ರದಲ್ಲಿ ನೋಂದಾಯಿಸಿದ ಖಾತೆಯದು.

• ಪಾಸ್‌ವರ್ಡ್ ಇಲ್ಲದ ಖಾತೆಗೆ ಜಾಲದ ಮೂಲಕ ಪ್ರವೇಶ ಕೊಡಬಾರದೆಂಬ ನಿಯಮವು ವಿಂಡೋಸಿನಲ್ಲಿ ಮೊದಲಿನಿಂದಲೇ ಜಾರಿಯಲ್ಲಿರುತ್ತದೆ.

• ಮುಖ್ಯ ಯಂತ್ರದಲ್ಲಿ ಪಾಸ್‌ವರ್ಡ್ ಬದಲಿಸಿದ ನಂತರವೂ ಇತರ ಯಂತ್ರಗಳು ಹಳೆಯದನ್ನೇ ನೆನಪಿಟ್ಟುಕೊಂಡಿರುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಆ ನಮೂದನ್ನು ಅಳಿಸಿ, ಹೊಸದಾಗಿ ಲಾಗಿನ್ ಆಗಬೇಕು.

• ಒಂದೇ ಯಂತ್ರದಿಂದ ಒಂದೇ ಮುಖ್ಯ ಯಂತ್ರಕ್ಕೆ ಏಕಕಾಲದಲ್ಲಿ ಎರಡು ಬೇರೆ ಬಳಕೆದಾರರ ಹೆಸರಿನಿಂದ ಸಂಪರ್ಕಿಸಲು ಹೊರಟರೆ ವಿಂಡೋಸ್ ನಿರಾಕರಿಸುತ್ತದೆ. ಹಳೆಯ ಸಂಪರ್ಕವನ್ನು ಕಡಿದು ಮತ್ತೆ ಪ್ರಯತ್ನಿಸಬೇಕು.

ಮುಖ್ಯ ಯಂತ್ರದಲ್ಲಿ ಪ್ರತಿಯೊಬ್ಬ ಸಿಬ್ಬಂದಿಗೂ ಪ್ರತ್ಯೇಕ ಖಾತೆಯನ್ನು ತೆರೆಯುವುದು ಉತ್ತಮ. ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇದ್ದರೆ ಒಬ್ಬರು ಕೆಲಸ ಬಿಟ್ಟುಹೋದಾಗ ಎಲ್ಲರ ಪಾಸ್‌ವರ್ಡನ್ನೂ ಬದಲಿಸಬೇಕಾಗುತ್ತದೆ. ವಾಸ್ತವದಲ್ಲಿ ಯಾರೂ ಬದಲಿಸುವುದಿಲ್ಲ.

ನಾಲ್ಕನೆಯ ಹಂತ: ಅನುಮತಿ

ಅತಿ ಹೆಚ್ಚು ಗೊಂದಲವಿರುವುದು ಈ ಹಂತದಲ್ಲಿ. ಹಂಚಿಕೆಯ ಫೋಲ್ಡರಿನ ಮೇಲೆ ಎರಡು ಬಗೆಯ ಅನುಮತಿಗಳಿರುತ್ತವೆ. ಫೋಲ್ಡರಿನ ಪ್ರಾಪರ್ಟೀಸ್ ಪೆಟ್ಟಿಗೆಯ ಶೇರಿಂಗ್ ಪುಟದಲ್ಲಿರುವುದು ಜಾಲದ ಮೂಲಕ ಬರುವವರಿಗೆ ಅನ್ವಯಿಸುವ ಅನುಮತಿ. ಸೆಕ್ಯುರಿಟಿ ಪುಟದಲ್ಲಿರುವುದು ಕಡತಕ್ಕೇ ಅಂಟಿಕೊಂಡಿರುವ ಅನುಮತಿ. ಯಂತ್ರದ ಮುಂದೆ ಕುಳಿತವರಿಗೂ ಇದು ಅನ್ವಯಿಸುತ್ತದೆ. ಜಾಲದಿಂದ ಬರುವವರು ಎರಡನ್ನೂ ದಾಟಬೇಕು, ಮತ್ತು ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ಅಂತಿಮವಾಗಿ ನಡೆಯುತ್ತದೆ.

ಉದಾಹರಣೆಗೆ, ದಾಸ್ತಾನು ಗುಮಾಸ್ತನಿಗೆ ಸೆಕ್ಯುರಿಟಿ ಪುಟದಲ್ಲಿ ಬದಲಾಯಿಸುವ ಅಧಿಕಾರವಿದೆ, ಶೇರಿಂಗ್ ಪುಟದಲ್ಲಿ ಓದುವ ಅಧಿಕಾರ ಮಾತ್ರ ಇದೆ ಎಂದಿಟ್ಟುಕೊಳ್ಳೋಣ. ಆತನು ದಾಸ್ತಾನು ಪಟ್ಟಿಯನ್ನು ತೆರೆಯಬಲ್ಲನು, ಆದರೆ ಉಳಿಸಲಾರನು. ಶೇರಿಂಗ್ ಪುಟದಲ್ಲಿ ಅಧಿಕಾರವಿದ್ದು ಸೆಕ್ಯುರಿಟಿ ಪುಟದಲ್ಲಿ ಅವನ ಹೆಸರೇ ಇಲ್ಲದಿದ್ದರೆ, ಫೋಲ್ಡರಿನ ಹೆಸರು ಕಾಣಿಸುತ್ತದೆ, ತೆರೆಯುವುದಿಲ್ಲ. ಯಾವುದಾದರೊಂದು ಪುಟದಲ್ಲಿ ನಿರಾಕರಣೆಯ, ಅಂದರೆ ಡಿನೈ ಎಂಬ ಗುರುತು ಹಾಕಿದ್ದರೆ ಅದು ಸಾಮಾನ್ಯವಾಗಿ ಉಳಿದ ಅನುಮತಿಗಳನ್ನು ಮೀರಿಸುತ್ತದೆ. ಆದ್ದರಿಂದ ಡಿನೈ ಗುರುತನ್ನು ಬಳಸದಿರುವುದೇ ಲೇಸು. ಅನುಮತಿ ಬೇಡವಾದವರ ಹೆಸರನ್ನು ಪಟ್ಟಿಯಲ್ಲಿ ಸೇರಿಸದಿದ್ದರೆ ಸಾಕು.

ಫೋಲ್ಡರ್ ತೆರೆದು ಒಳಗಿನ ಒಂದು ಕಡತ ಮಾತ್ರ ತೆರೆಯದಿದ್ದರೆ, ಅದು ಬೇರೆಲ್ಲಿಂದಲೋ ಬಂದದ್ದೇ ಎಂದು ವಿಚಾರಿಸಬೇಕು. ಮುಖ್ಯ ಯಂತ್ರದಲ್ಲಿಯೇ ಒಬ್ಬರ ಖಾಸಗಿ ಫೋಲ್ಡರಿನಿಂದ ಕಡತವನ್ನು ಅದೇ ಡ್ರೈವಿನೊಳಗೆ ಎಳೆದು ಹಾಕಿದಾಗ ಹಳೆಯ ಅನುಮತಿಯೇ ಅದರೊಂದಿಗೆ ಬರಬಹುದು. ಎಳೆಯುವ ಬದಲು ನಕಲು ಮಾಡಿ ಅಂಟಿಸಿದರೆ ಹೊಸ ಫೋಲ್ಡರಿನ ಅನುಮತಿ ದೊರೆಯುತ್ತದೆ. ಇನ್ನು, ಕಡತವು ಓದಲು ಮಾತ್ರ ತೆರೆದು, ಮತ್ತೊಬ್ಬರು ಬಳಸುತ್ತಿದ್ದಾರೆಂಬ ಸಂದೇಶ ಬಂದರೆ ಅದು ದೋಷವೇ ಅಲ್ಲ. ಬೇರೆ ಯಂತ್ರದಲ್ಲಿ ಆ ಕಡತವನ್ನು ಮುಚ್ಚಿದರೆ ಸಾಕು.

ಹಳೆಯ ಯಂತ್ರ, ಹೊಸ ಯಂತ್ರ

ನಾಲ್ಕೂ ಹಂತಗಳು ಸರಿಯಾಗಿದ್ದು, ಹೊಸದಾಗಿ ಕೊಂಡ ಯಂತ್ರದಿಂದ ಮಾತ್ರ ಹಳೆಯ ಯಂತ್ರದ ಅಥವಾ ಹಳೆಯ ಶೇಖರಣಾ ಪೆಟ್ಟಿಗೆಯ ಫೋಲ್ಡರ್ ತೆರೆಯದಿದ್ದರೆ, ಅವೆರಡೂ ಮಾತನಾಡುವ ಭಾಷೆಯೇ ಬೇರೆಯಾಗಿರಬಹುದು. ಕಡತ ಹಂಚಿಕೆಗೆ ವಿಂಡೋಸ್ ಬಳಸುವ ಸಂವಹನ ನಿಯಮಾವಳಿಗೆ ಎಸ್‌ಎಂಬಿ ಎಂದು ಹೆಸರು. ಇದರ ಮೊದಲ ಆವೃತ್ತಿ ಬಹಳ ಹಳೆಯದು. ವಿಂಡೋಸ್ ಎಕ್ಸ್‌ಪಿಗೆ ತಿಳಿದಿರುವುದು ಇದೊಂದೇ. 2017ರ ಮೇ ತಿಂಗಳಲ್ಲಿ ವಿಶ್ವದಾದ್ಯಂತ ಹರಡಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಈ ಮೊದಲ ಆವೃತ್ತಿಯ ನಿರ್ವಹಣೆಯಲ್ಲಿದ್ದ ದೋಷವನ್ನೇ ಬಳಸಿಕೊಂಡು ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಿನಲ್ಲಿಯೇ ಪರಿಷ್ಕರಣೆಯನ್ನು ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ಬಲಿಯಾದವು. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ ಪರಿಷ್ಕೃತ ಆವೃತ್ತಿಯಿಂದ, ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ ಮೊದಲ ಆವೃತ್ತಿಯನ್ನು ಸಾಮಾನ್ಯವಾಗಿ ಕೈಬಿಡಲಾಯಿತು.

2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಪರಿಷ್ಕರಣೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪ್ರೊ ಆವೃತ್ತಿಯಲ್ಲಿ, ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಸಂಪರ್ಕಿಸುವ ಸೌಲಭ್ಯವನ್ನು ತೆಗೆದು, ಪ್ರತಿ ಸಂವಹನಕ್ಕೂ ಸಹಿಯ ಪರಿಶೀಲನೆಯನ್ನು ಕಡ್ಡಾಯ ಮಾಡಿತು. ನಿನ್ನೆಯವರೆಗೆ ಪಾಸ್‌ವರ್ಡ್ ಇಲ್ಲದೆ ತೆರೆಯುತ್ತಿದ್ದ ಶೇಖರಣಾ ಪೆಟ್ಟಿಗೆಯು ಪರಿಷ್ಕರಣೆಯ ನಂತರ ತೆರೆಯದಿರುವುದಕ್ಕೆ, ಹಳೆಯ ಸ್ಕ್ಯಾನರ್ ಫೋಲ್ಡರಿಗೆ ಪ್ರತಿಗಳನ್ನು ಕಳುಹಿಸದಿರುವುದಕ್ಕೆ ಇದು ಕಾರಣವಿರಬಹುದು.

ಹೊಸ ಯಂತ್ರದ ರಕ್ಷಣೆಯನ್ನು ಸಡಿಲಿಸುವುದು ಇದಕ್ಕೆ ಯೋಗ್ಯ ಪರಿಹಾರವಲ್ಲ. ಶೇಖರಣಾ ಪೆಟ್ಟಿಗೆಯ ಒಳತಂತ್ರಾಂಶವನ್ನು ಪರಿಷ್ಕರಿಸಿ, ಅದರಲ್ಲಿ ಎಸ್‌ಎಂಬಿಯ ಎರಡನೆಯ ಅಥವಾ ಮೂರನೆಯ ಆವೃತ್ತಿಯನ್ನು ಆರಿಸಿ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ನೀಡಬೇಕು. ಅದು ಸಾಧ್ಯವೇ ಇಲ್ಲದ ಉಪಕರಣವಾದರೆ ಬದಲಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ರದ್ದು 2020ರ ಜನವರಿಯಲ್ಲಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿವೆ. ಕಾರ್ಖಾನೆಯ ಯಾವುದೋ ಯಂತ್ರವನ್ನು ನಡೆಸಲು ಹಳೆಯ ಗಣಕ ಅನಿವಾರ್ಯವಾದರೆ ಅದನ್ನು ಕಚೇರಿಯ ಜಾಲದಿಂದ ಬೇರ್ಪಡಿಸಿ ಇಡತಕ್ಕದ್ದು.

ಬೆಳೆಯುತ್ತಿರುವ ಕಚೇರಿಗಳು ಇನ್ನೊಂದು ಮಿತಿಯನ್ನೂ ತಿಳಿದಿರಬೇಕು. ಸಾಮಾನ್ಯ ವಿಂಡೋಸ್ 10 ಅಥವಾ 11 ಯಂತ್ರವನ್ನೇ ಸರ್ವರಿನಂತೆ ಬಳಸಿದಾಗ ಏಕಕಾಲಕ್ಕೆ 20 ಸಂಪರ್ಕಗಳಿಗೆ ಮಾತ್ರ ಅವಕಾಶವಿದೆ. ಬೆಳಿಗ್ಗೆ ಸರಿಯಾಗಿದ್ದು, ಎಲ್ಲರೂ ಬಂದ ಮೇಲೆ ಕೆಲವರಿಗೆ ಮಾತ್ರ ಫೋಲ್ಡರ್ ತೆರೆಯದಿದ್ದರೆ ಈ ಮಿತಿಯನ್ನು ನೆನಪಿಸಿಕೊಳ್ಳಿರಿ.

ಏನನ್ನು ಮಾಡಬಾರದು

ಈಗ ಮೊದಲು ಹೇಳಿದ ಘಟಕಕ್ಕೆ ಹಿಂತಿರುಗೋಣ. ಕೆಲವು ತಿಂಗಳುಗಳ ನಂತರ ಅಲ್ಲಿನ ತರಬೇತಿ ಹುಡುಗನೊಬ್ಬನು ಇ-ಮೇಲ್‌ನಲ್ಲಿ ಬಂದ ಬಿಲ್ಲಿನಂತೆ ತೋರುವ ಕಡತವೊಂದನ್ನು ತೆರೆದನು. ಅದು ಕಡತಗಳನ್ನು ಓದಲಾಗದಂತೆ ಬೀಗ ಹಾಕಿ ಹಣ ಕೇಳುವ ಸುಲಿಗೆ ತಂತ್ರಾಂಶವಾಗಿತ್ತು. ಇಂತಹ ತಂತ್ರಾಂಶವು ಅದನ್ನು ತೆರೆದ ವ್ಯಕ್ತಿಗೆ ಎಷ್ಟು ಅಧಿಕಾರವಿದೆಯೋ ಅಷ್ಟನ್ನು ಬಳಸಿಕೊಳ್ಳುತ್ತದೆ. ಆ ಹುಡುಗನಿಗೆ ಲೆಕ್ಕದ ಫೋಲ್ಡರ್ ಬೇಕಾಗಿಯೇ ಇರಲಿಲ್ಲ. ಆದರೆ ಎಲ್ಲರಿಗೂ ಪೂರ್ಣ ಅಧಿಕಾರ ಕೊಟ್ಟಿದ್ದುದರಿಂದ ಅವನ ಯಂತ್ರದ ಮೂಲಕ ಇಡೀ ಫೋಲ್ಡರ್ ಹಾಳಾಯಿತು. ಬ್ಯಾಕಪ್ ಪ್ರತಿಯೂ ಅದೇ ಫೋಲ್ಡರಿನಲ್ಲಿದ್ದುದರಿಂದ ಅದೂ ಹೋಯಿತು. ಉಳಿದದ್ದು ಒಂದೇ: ವಯಸ್ಸಾದ ಲೆಕ್ಕಿಗರು ಪ್ರತಿ ಶನಿವಾರ ಪೆನ್‌ಡ್ರೈವ್‌ನಲ್ಲಿ ತುಂಬಿ ಮನೆಗೆ ಒಯ್ಯುತ್ತಿದ್ದ ಪ್ರತಿ. ಅಲ್ಲಿಂದೀಚಿನ ದಿನಗಳ ಲೆಕ್ಕವನ್ನು ಕಾಗದದ ಬಿಲ್ಲುಗಳನ್ನು ನೋಡಿ ಮತ್ತೆ ನಮೂದಿಸಬೇಕಾಯಿತು.

ಆದ್ದರಿಂದ ಎಷ್ಟೇ ಆತುರವಿದ್ದರೂ ಈ ನಾಲ್ಕನ್ನು ಮಾಡಬಾರದು: ಎವ್ರಿವನ್ ಎಂಬ ಹೆಸರಿಗೆ ಪೂರ್ಣ ಅಧಿಕಾರ ಕೊಡುವುದು, ಫೈರ್‌ವಾಲನ್ನು ನಿಲ್ಲಿಸಿ ಹಾಗೆಯೇ ಬಿಡುವುದು, ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮತ್ತೆ ಜಾರಿಗೆ ತರುವುದು, ಮನೆಯಿಂದ ಫೋಲ್ಡರ್ ತೆರೆಯಬೇಕೆಂದು ರೂಟರಿನಲ್ಲಿ 445ನೇ ಪೋರ್ಟನ್ನು ಅಂತರಜಾಲಕ್ಕೆ ತೆರೆದಿಡುವುದು. ಪರೀಕ್ಷೆಗಾಗಿ ಏನನ್ನಾದರೂ ಸಡಿಲಿಸಿದರೆ, ಪರೀಕ್ಷೆ ಮುಗಿದ ಕೂಡಲೇ ಮೊದಲಿನಂತೆ ಮಾಡಿಸಿ, ತಂತ್ರಜ್ಞನು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಬೇಕು.

ಬ್ಯಾಕಪ್ ಪ್ರತಿಗಳಲ್ಲಿ ಒಂದಾದರೂ ಜಾಲಕ್ಕೆ ಸೇರದೆ, ಕಚೇರಿಯ ಹೊರಗಿರಬೇಕು. ಅದು ವ್ಯಾಪಾರದ ಹಿತಕ್ಕಷ್ಟೇ ಅಲ್ಲ. ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣ ಪತ್ರದ ಅಂತಿಮ ದಿನಾಂಕದಿಂದ 72 ತಿಂಗಳುಗಳವರೆಗೆ ಕಾಪಾಡಬೇಕು. ಕಂಪನಿಗಳಾಗಿ ನೋಂದಾಯಿತವಾದ ಸಂಸ್ಥೆಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಪ್ರತಿದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಇಡಬೇಕೆಂದು 2022ರಲ್ಲಿ ನಿಯಮವನ್ನು ತಿದ್ದಲಾಗಿದೆ.

ಒಂದು ಪುಟದ ದಾಖಲೆ

ಕೊನೆಯದಾಗಿ ಖರ್ಚಿಲ್ಲದ ಒಂದು ಸಲಹೆ. ಒಂದು ಹಾಳೆಯಲ್ಲಿ ಪ್ರತಿ ಯಂತ್ರದ ಹೆಸರು ಮತ್ತು ವಿಳಾಸ, ಹಂಚಿಕೆಯ ಫೋಲ್ಡರುಗಳ ಪಟ್ಟಿ, ಯಾರಿಗೆ ಓದುವ ಅಧಿಕಾರ, ಯಾರಿಗೆ ಬದಲಾಯಿಸುವ ಅಧಿಕಾರ ಎಂಬ ವಿವರ, ಮತ್ತು ಜಾಲದಲ್ಲಿ ಮಾಡಿದ ಪ್ರತಿ ಬದಲಾವಣೆಯ ದಿನಾಂಕವನ್ನು ಬರೆದಿಡಿರಿ. ಪಾಸ್‌ವರ್ಡುಗಳನ್ನು ಮಾತ್ರ ಇದರಲ್ಲಿ ಬರೆಯಬಾರದು. ಈ ಹಾಳೆಯನ್ನು ಯಂತ್ರದೊಳಗಲ್ಲ, ಕಾಗದದ ಮೇಲೆ, ಬೀರುವಿನಲ್ಲಿ ಇಡಬೇಕು. ಫೋಲ್ಡರ್ ತೆರೆಯದ ದಿನವೇ ಅದು ಬೇಕಾಗುವುದು.

ಸರಕಿನ ಕೋಣೆಯ ಬೀಗದ ಕೈ ಯಾರ ಯಾರ ಬಳಿ ಇದೆಯೆಂದು ಪ್ರತಿಯೊಬ್ಬ ವರ್ತಕರಿಗೂ ತಿಳಿದಿರುತ್ತದೆ. ಲೆಕ್ಕದ ಫೋಲ್ಡರಿನ ವಿಷಯದಲ್ಲಿಯೂ ಅಷ್ಟೇ ಎಚ್ಚರಿಕೆ ಅಗತ್ಯ. ಈ ತಿಂಗಳ ಒಂದು ಬಿಡುವಿನ ದಿನ, ಯಾವ ತೊಂದರೆಯೂ ಇಲ್ಲದಿರುವಾಗಲೇ, ಮುಖ್ಯ ಯಂತ್ರದ ಶೇರಿಂಗ್ ಮತ್ತು ಸೆಕ್ಯುರಿಟಿ ಪುಟಗಳನ್ನು ತೆರೆದು ಅಲ್ಲಿ ಯಾರ ಹೆಸರುಗಳಿವೆ ಎಂದು ನೋಡುವುದು ಒಳಿತು. ಕೆಲಸ ಬಿಟ್ಟುಹೋದವರ ಹೆಸರು ಅಥವಾ ಎವ್ರಿವನ್ ಎಂಬ ಪದ ಅಲ್ಲಿ ಕಂಡುಬಂದರೆ, ಸರಿಪಡಿಸುವ ಕೆಲಸವನ್ನು ಆ ದಿನವೇ ಆರಂಭಿಸಬಹುದು.